ಗೋಡೆಯ ಮೈ, ಮರದ ಮೊಗ

ನಿತ್ಯವ್ಯವಹಾರದಲ್ಲಿ ನಮ್ಮ ನಾಲಗೆಯ ಮೇಲೆ ಸವೆದು ಸವೆದು ನುಣುಪಾಗಿಹೋದ ಎಷ್ಟೋ ಮಾತುಗಳು ತಮ್ಮ ಪೂರ್ವವೃತ್ತಾಂತವನ್ನು ತಮ್ಮ ಒಡಲಿನಲ್ಲಿಯೇ ಅಡಗಿಸಿಕೊಂಡಿರುತ್ತವೆ; ಕೇಳುವವನು ಒಂದು ಗಳಿಗೆ ನಿಂತು ಕಿವಿಗೊಟ್ಟನಾದರೆ ಅವು ಹೇಳುವ ಕಥೆ ಯಾವ ಶಾಸನಕ್ಕೂ ಕಡಮೆಯಾದುದಲ್ಲ. ‘ಕಪಾಟು’ ಎಂಬುದು ಅಂಥ ಮಾತುಗಳಲ್ಲೊಂದು. ಬಟ್ಟೆಬರೆ, ಪುಸ್ತಕ, ಲೆಕ್ಕದ ಕಡತ, ಹಬ್ಬದ ಪಾತ್ರೆ ಇವುಗಳನ್ನು ಇರಿಸುವ, ಹಲಗೆಗಳ ಅಂತಸ್ತುಗಳುಳ್ಳ ಸಾಧನಕ್ಕೆ ನಾವು ಈ ಹೆಸರನ್ನು ಕೊಟ್ಟಿದ್ದೇವೆ. ಆದರೆ ಸಂಸ್ಕೃತದಲ್ಲಿ ಕಪಾಟವೆಂದರೆ ಇಡುವ ಸಾಧನವಲ್ಲ, ಮುಚ್ಚುವ ಸಾಧನ. ಬಾಗಿಲಿನ ಕದವೇ ಕಪಾಟ. ಗರ್ಭಗೃಹದ ಕದವೂ ಕಪಾಟವೇ, ಕೋಟೆಯ ಹೆಬ್ಬಾಗಿಲಿನ ಕದವೂ ಕಪಾಟವೇ. ಮುಚ್ಚುವುದರ ಹೆಸರು ಒಳಗೊಳ್ಳುವುದಕ್ಕೆ ಹೇಗೆ ಬಂತು, ಮೊಗದ ಹೆಸರು ಇಡೀ ಮೈಗೆ ಹೇಗೆ ಸಂದಿತು ಎಂಬ ಪ್ರಶ್ನೆಗೆ ಉತ್ತರವನ್ನು ನಿಘಂಟಿನಲ್ಲಿ ಹುಡುಕುವುದಕ್ಕಿಂತ ಹಳೆಯ ಮನೆಯೊಂದರ ಗೋಡೆಯ ಮುಂದೆ ನಿಂತು ಹುಡುಕುವುದು ಮೇಲು. ಅಂಥ ಗೋಡೆಗಳು ಇಂದಿಗೂ ಅಲ್ಲಲ್ಲಿ ಉಳಿದಿರುವ ಸೀಮೆ ಮೈಲಾರದ ಸೀಮೆ.

ಮೈಲಾರದ ಸೀಮೆಯೆಂದು ನಾನು ಕರೆಯುತ್ತಿರುವುದು ತುಂಗಭದ್ರೆಯ ಬಲದಂಡೆಯಿಂದ ಮೊದಲಾಗಿ ಹೂವಿನ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳವರೆಗೆ ಹಬ್ಬಿರುವ ಬಯಲು ನಾಡನ್ನು. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಭರತ ಹುಣ್ಣಿಮೆಯ ಹೊತ್ತಿನಲ್ಲಿ ಮೈಲಾರದ ಡೆಂಗನಮರಡಿಯಲ್ಲಿ ಲಕ್ಷಾಂತರ ಜನ ನೆರೆದು, ಕಪ್ಪು ಕಂಬಳಿಯ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಗರ್ಜಿಸಿದೊಡನೆ ಉಸಿರಡಗಿಸಿ ನಿಂತು, ಅವನ ಬಾಯಿಂದ ಹೊರಡುವ ಒಂದೇ ಒಂದು ವಾಕ್ಯದ ಕಾರಣಿಕವನ್ನು ಕೇಳಿಸಿಕೊಂಡು, ಅದರಲ್ಲಿ ಬರುವ ವರ್ಷದ ಮಳೆಬೆಳೆಯನ್ನು ಅರಸುತ್ತ ಮನೆಗೆ ಮರಳುವುದು ಇದೇ ಕಾರಣದಿಂದ. ಇಂಥ ನಾಡಿನಲ್ಲಿ ಕಲ್ಲಿಗೂ ಮಣ್ಣಿಗೂ ಕೊರತೆಯಿಲ್ಲ, ಮರಕ್ಕೆ ಮಾತ್ರ ಸದಾ ಕೊರತೆ. ಕೂಡ್ಲಿಗಿಯ ಗುಡ್ಡಗಳಲ್ಲಿ ಕರಡಿಗಳು ಅಡಗುವಷ್ಟು ಕುರುಚಲು ಕಾಡುಂಟು. ಆದರೆ ತೊಲೆಗೆ ಒದಗುವ ನೆಟ್ಟನೆಯ ಮರ ಅಲ್ಲಿ ಅಪರೂಪ. ಹೊಲದ ಬದುವಿನ ಬೇವು, ಹಳ್ಳದ ದಂಡೆಯ ಕರಿಜಾಲಿ, ಊರ ಮುಂದಿನ ಹುಣಸೆ, ಕಬ್ಬಿಣದಂತೆ ಗಡುಸಾದ ಕಮರ ಇವೇ ಇಲ್ಲಿನ ಬಡಗಿಗೆ ದೈವ ಕೊಟ್ಟ ಸಾಮಗ್ರಿ. ಈ ನಾಡಿನ ಮನೆಯ ಚರಿತ್ರೆಯನ್ನೆಲ್ಲ ಮರದ ಈ ಬಡತನದಿಂದಲೇ ಓದತೊಡಗಬೇಕು.

ಹಳೆಯ ಮಾಳಿಗೆಯ ಮನೆಯನ್ನು ಹೊಕ್ಕು ನೋಡಿದವರಿಗೆ ಗೋಡೆಯ ಗಾತ್ರವು ಮೊದಲು ಕಣ್ಣಿಗೆ ಬೀಳುತ್ತದೆ. ಕಲ್ಲನ್ನು ಕೆಸರಿನಲ್ಲಿ ಕೂಡಿಸಿ ಎತ್ತಿದ ಎರಡು ಅಡಿಯ, ಕೆಲವೆಡೆ ಮೂರು ಅಡಿಯ ದಪ್ಪದ ಗೋಡೆ. ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಸೀಳು, ಅದರ ಮೇಲೆ ಮಳೆನೀರನ್ನು ಒಳಗಿಳಿಯಗೊಡದ ಚೌಳು ಮಣ್ಣಿನ ಹೊದಿಕೆ. ಮಾಳಿಗೆಯ ಈ ಭಾರವನ್ನು ಹೊರುವುದಕ್ಕಾಗಿ, ವೈಶಾಖದ ಬಿಸಿಲನ್ನು ತಡೆಯುವುದಕ್ಕಾಗಿ, ಕಳ್ಳಕಾಕರ ಕನ್ನಕ್ಕೆ ಸುಲಭವಾಗಿ ಬಗ್ಗದಿರುವುದಕ್ಕಾಗಿ ದಪ್ಪವಾದ ಗೋಡೆಯು ಒಂದು ಬಗೆಯಲ್ಲಿ ಖಾಲಿ ಬಿದ್ದ ಭೂಮಿಯಂತೆ. ಅದರ ಒಳಗೂ ಒಕ್ಕಲಿರಬಹುದು. ನಮ್ಮ ಹಿರಿಯರು ಆ ದಪ್ಪವನ್ನು ವ್ಯರ್ಥಗೊಳಿಸಲಿಲ್ಲ. ಗೋಡೆಯನ್ನು ಎತ್ತುವಾಗಲೇ ಅಲ್ಲಲ್ಲಿ ಕಲ್ಲಿಡದೆ ತೆರವು ಬಿಟ್ಟು, ಮೇಲೊಂದು ಕಲ್ಲುಚಪ್ಪಡಿಯನ್ನು ಅಡ್ಡಹಾಸಿ, ಒಳಗೆ ಮಣ್ಣನ್ನು ಮೆತ್ತಿ ಸುಣ್ಣ ಬಳಿದರೆ ಅದೊಂದು ಗೂಡು. ತಲೆಬಾಗಿಲ ಪಕ್ಕದಲ್ಲಿ ದೀಪದ ಗೂಡು, ಒಲೆಯ ಬಳಿ ಉಪ್ಪು ಮೆಣಸಿನಕಾಯಿಯ ಗೂಡು, ಪಡಸಾಲೆಯಲ್ಲಿ ಎಲೆಯಡಕೆಯ ಗೂಡು, ದೇವರಿಗೆ ಪ್ರತ್ಯೇಕವಾದೊಂದು ಗೂಡು. ಇದಕ್ಕೆ ‘ಮಾಡ’ವೆಂಬ ಹಳೆಯ ಹೆಸರೂ ಉಂಟು. ಉಪ್ಪರಿಗೆಯ ಮನೆಗೂ ಮಾಡವೆಂಬುದೇ ಹೆಸರು, ಗೋಡೆಯ ಗೂಡಿಗೂ ಮಾಡವೆಂಬುದೇ ಹೆಸರು; ಮನೆಯೊಳಗೆ ಗೂಡಿರುವುದಷ್ಟೇ ಅಲ್ಲ, ಗೂಡೂ ಒಂದು ಮನೆಯೇ ಎಂದು ಭಾಷೆ ಅಂದೇ ಅರಿತಿತ್ತು.

ಈ ವಿದ್ಯೆಯನ್ನು ಮನೆಯವರು ದೇವಾಲಯದಿಂದ ಕಲಿತರೋ, ದೇವಾಲಯವನ್ನು ಕಟ್ಟಿದವರು ಮನೆಯಿಂದ ಒಯ್ದರೋ ಎಂಬುದನ್ನು ನಿರ್ಣಯಿಸುವ ಗೋಜಿಗೆ ಹೋಗದೆ, ಎರಡೂ ಒಂದೇ ಬುದ್ಧಿಯ ಕವಲುಗಳೆಂದು ಹೇಳಿದರೆ ಸಾಕು. ಹರಪನಹಳ್ಳಿಯ ಸಮೀಪದ ಬಾಗಳಿಯ ಕಲ್ಲೇಶ್ವರ, ಹಿರೇಹಡಗಲಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ಮೊದಲಾದ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳನ್ನು ಸುತ್ತಿ ಬಂದವನು ಹೊರಗೋಡೆಯಲ್ಲಿ ದೇವತಾಮೂರ್ತಿಗಾಗಿ ಬಿಟ್ಟ ಗೂಡುಗಳನ್ನು ಕಾಣುತ್ತಾನೆ. ಶಿಲ್ಪಶಾಸ್ತ್ರದಲ್ಲಿ ಅದಕ್ಕೆ ‘ದೇವಕೋಷ್ಠ’ವೆಂದು ಹೆಸರು, ಕೋಷ್ಠವೆಂದರೆ ಕಣಜ, ಉಗ್ರಾಣ, ಒಳಗೆ ತುಂಬಿಡುವ ಎಡೆ. ಆ ಚಾಲುಕ್ಯ ವಂಶದ ಸೋಮೇಶ್ವರ ಚಕ್ರವರ್ತಿಯು 1068ರಲ್ಲಿ ತುಂಗಭದ್ರೆಯಲ್ಲಿ ದೇಹವಿಟ್ಟ ಪುಣ್ಯಸ್ಥಳವೆಂದು ಪ್ರಸಿದ್ಧವಾದ ಆ ಕುರುವತ್ತಿಯಲ್ಲಿಯೇ ಬಾಗಿಲುವಾಡವನ್ನು ನೋಡಬೇಕು: ಕಲ್ಲನ್ನು ಪಟ್ಟಿಪಟ್ಟಿಯಾಗಿ, ಒಂದರ ಪಕ್ಕಕ್ಕೊಂದು ಶಾಖೆಯಾಗಿ ಕಡೆದು, ಬಳ್ಳಿಯನ್ನೂ ಕಂಬವನ್ನೂ ಅದರಲ್ಲಿ ಮೂಡಿಸಿದ್ದಾರೆ. ಶಾಖೆಯೆಂದರೆ ಕೊಂಬೆ, ಶಿಲೆಗೆ ಮರದ ಹೆಸರಿದು. ಒಂದು ಕಾಲದ ಮರಗೆಲಸವೇ ಆ ಶಿಲೆಯಲ್ಲಿ ತನ್ನ ನೆನಪನ್ನು ಬಿಟ್ಟುಹೋಗಿದೆ. ಅಲೆಕ್ಸಾಂಡರ್ ರೀ ಎಂಬ ಪುರಾತತ್ತ್ವಜ್ಞನು ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಗುಡಿಗಳನ್ನು ಅಳೆದು ಚಿತ್ರಿಸಿ 1896ರಲ್ಲಿ ಚಾಲುಕ್ಯ ವಾಸ್ತುವಿನ ಮೇಲೊಂದು ಗ್ರಂಥವನ್ನು ಪ್ರಕಟಿಸಿದನು. ಗುಡಿಯ ಅಳತೆಯನ್ನು ತೆಗೆದುಕೊಂಡವರುಂಟು. ಗುಡಿಯ ಪಕ್ಕದ ಮನೆಯ ಗೂಡನ್ನು ಅಳೆದವರು ಯಾರು?

ಮರದ ಕೆಲಸವು ಚರಿತ್ರೆಯಲ್ಲಿ ಹಿಂದುಳಿದುದಕ್ಕೆ ಅದರ ಅಲ್ಪಾಯುಷ್ಯವೇ ಕಾರಣ. ಕಲ್ಲು ಉಳಿಯುತ್ತದೆ, ಮರ ಗೆದ್ದಲಿಗೋ ಬೆಂಕಿಗೋ ತುತ್ತಾಗುತ್ತದೆ. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸನು ಅರಮನೆಯಲ್ಲಿ ದಂತದಿಂದಲೇ ಅಲಂಕೃತವಾಗಿ, ತೊಲೆಗಂಬಗಳ ತುದಿಯಲ್ಲಿ ಗುಲಾಬಿಯೂ ತಾವರೆಯೂ ಅರಳಿದ್ದ ಕೊಠಡಿಯೊಂದನ್ನು ಬೆರಗಿನಿಂದ ವರ್ಣಿಸಿದ್ದಾನೆ. 1565ರ ಯುದ್ಧದ ತರುವಾಯ ಆ ನಗರವನ್ನು ಸುಟ್ಟ ಬೆಂಕಿಯಲ್ಲಿ ಅರಮನೆಗಳ ಮರದ ಮೇಲ್ಕಟ್ಟಡವೆಲ್ಲ ಬೂದಿಯಾಯಿತು. ಇಂದು ಹಂಪೆಯಲ್ಲಿ ನಾವು ನೋಡುವುದು ಅವುಗಳ ಕಲ್ಲಿನ ಜಗತಿಗಳನ್ನು ಮಾತ್ರ. ಆಮೇಲೆ ಈ ಸೀಮೆಯನ್ನು ಹಂಚಿಕೊಂಡು ಆಳಿದ ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳ ಪಾಳೆಯಗಾರರು ಕೋಟೆಯ ಬುರುಜುಗಳಿಗೆ ಕೊಟ್ಟ ಗಮನವನ್ನು ಮರಗೆಲಸದ ವಿಲಾಸಕ್ಕೆ ಕೊಡುವಷ್ಟು ನೆಮ್ಮದಿಯನ್ನು ಕಾಲವು ಅವರಿಗೆ ಒದಗಿಸಲಿಲ್ಲ. ಆದುದರಿಂದ ಅರಮನೆಯ ಮರಗೆಲಸ ಅಳಿದುಹೋದ ಈ ನಾಡಿನಲ್ಲಿ, ಅದರ ಅಲ್ಪಸ್ವಲ್ಪ ಪರಿಜ್ಞಾನವು ಉಳಿದುದು ಊರ ಬಡಗಿಯ ಕೈಯಲ್ಲಿ.

ಊರ ಬಡಗಿ ಯಾರ ಸಂಬಳದ ಆಳೂ ಅಲ್ಲ. ‘ವರ್ಧಕಿ’ ಎಂಬ ಸಂಸ್ಕೃತ ಶಬ್ದವು ಪ್ರಾಕೃತದ ದಾರಿಯಲ್ಲಿ ನಡೆದು ಬಂದು ಬಡಗಿಯಾಯಿತು. ಈ ಸೀಮೆಯಲ್ಲಿ ಬಡಿಗೇರನೆಂದೂ ಕರೆಯುತ್ತಾರೆ. ಪಂಚಶಿಲ್ಪಿಗಳಲ್ಲಿ ಮಯನ ಪೀಳಿಗೆಯವನೆಂದು ಹೆಮ್ಮೆ. ಹನ್ನೆರಡನೆಯ ಶತಮಾನದ ಶರಣರ ನಡುವೆ ಬಾಚಿಕಾಯಕದ ಬಸವಯ್ಯನೆಂಬ ವಚನಕಾರನಿದ್ದನೆಂಬುದೂ ಹೆಮ್ಮೆಗೆ ಕಾರಣವೇ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಅವನೂ ಒಬ್ಬ. ನೇಗಿಲು, ಕುಂಟೆ, ಕೂರಿಗೆ, ಬಂಡಿಯ ಗಾಲಿ ಇವುಗಳನ್ನು ವರ್ಷವಿಡೀ ಮಾಡಿ ತಿದ್ದಿ ಕೊಟ್ಟುದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳನ್ನು ಅಳೆಯಿಸಿಕೊಂಡು ಹೋಗುವುದು ಪದ್ಧತಿಯಾಗಿತ್ತು. ಮನೆಯ ಕದ ಕಿಟಕಿಗಳ ಕೆಲಸ ಈ ಆಯದೊಳಗೆ ಸೇರಿದುದಲ್ಲ. ಅದಕ್ಕೆ ಬೇರೆ ಕೂಲಿ, ಬಾಗಿಲು ನಿಲ್ಲಿಸುವ ದಿನ ಅಕ್ಕಿ, ಕಾಯಿ, ವಸ್ತ್ರದ ಉಡುಗೊರೆ. ಹೀಗಾಗಿ ಬೆಳೆ ಚೆನ್ನಾಗಿ ಬಂದ ವರ್ಷ, ಸುಗ್ಗಿ ಮುಗಿದು ಮುಂಗಾರು ಮೊದಲಾಗುವ ನಡುವಿನ ಬೇಸಗೆಯಲ್ಲಿ, ಕೈಯಲ್ಲಿ ನಾಲ್ಕು ಕಾಸು ಉಳಿದ ರೈತನು ಬಡಗಿಯನ್ನು ಕರೆದು, “ಅಣ್ಣಾ, ಪಡಸಾಲಿ ಗೂಡಿಗೊಂದು ಕದ ಮಾಡಿಕೊಡಪಾ” ಎನ್ನುತ್ತಿದ್ದನು. ಮೈಲಾರದ ಕಾರಣಿಕ ಫಲಿಸಿದರೆ ಗೂಡಿಗೆ ಕದ. ಇಲ್ಲವಾದರೆ ಗೂಡು ಮತ್ತೊಂದು ವರ್ಷ ಬಾಯಿ ತೆರೆದುಕೊಂಡೇ ಇರುವುದು.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ದೊರೆಯುತ್ತದೆ. ಗೂಡು ಗೋಡೆಯವನ ಕೆಲಸ, ಕದ ಬಡಗಿಯ ಕೆಲಸ. ಕಪಾಟಿನ ಬೆನ್ನು, ಪಕ್ಕ, ಬುಡ, ತಲೆ ಎಲ್ಲವನ್ನೂ ಗೋಡೆಯೇ ಪುಕ್ಕಟೆಯಾಗಿ ಕೊಟ್ಟಿತ್ತು. ಬಡಗಿ ಕೂಡಿಸಬೇಕಾದುದು ಒಂದು ಚೌಕಟ್ಟು, ಎರಡು ಕದ, ನಡುವೆ ಒಂದೆರಡು ಹಲಗೆ, ಒಂದು ಚಿಲಕ. ಕದ ಬಂದ ದಿನವೇ ಗೂಡು ಕಪಾಟಾಯಿತು. ಮರವೆಂಬುದು ಮೊಗದಲ್ಲಿ ಮಾತ್ರ ಇದ್ದುದರಿಂದ ಮೊಗದ ಹೆಸರೇ ಮೈಗೂ ಸಂದಿತು. ಮರದ ಬಡತನವು ಇಲ್ಲಿ ಒಂದು ಶಬ್ದವನ್ನೇ ಅರ್ಥಗೊಳಿಸಿದೆಯೆಂದು ಹೇಳಿದರೆ ಅತಿಶಯೋಕ್ತಿಯೆನಿಸದು. ಆ ಬಡತನದಿಂದಲೇ ಮತ್ತೊಂದು ಫಲವೂ ಒದಗಿತು: ಇಡೀ ಮೈಗೆ ಹಂಚಿಹೋಗಬೇಕಾಗಿದ್ದ ಕುಶಲತೆಯೆಲ್ಲ ಎರಡು ಮೊಳದ ಮೊಗದಲ್ಲಿ ಕೂಡಿಕೊಂಡಿತು. ಚೌಕಟ್ಟಿನ ಅಂಚಿಗೆ ಬಳ್ಳಿ, ಮೇಲ್ಪಟ್ಟಿಯ ನಡುವೆ ತಾವರೆ, ಅದರ ಇಕ್ಕೆಲದಲ್ಲಿ ಗಿಳಿ. ಕದದ ಮೈಯಲ್ಲಿ ಚೌಕಚೌಕವಾಗಿ ತಗ್ಗಿಸಿ ಕೂಡಿಸಿದ ಹಲಗೆ. ಕಬ್ಬಿಣದ ಮೊಳೆ ದುಬಾರಿಯಾದ ಕಾಲ. ಒಂದು ಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ, ಮತ್ತೊಂದರ ತೂತಿನೊಳಗೆ ಕೊಡತಿಯಿಂದ ಬಡಿದು ಕೂಡಿಸಿ, ಬಿದಿರಿನ ಮೊಳೆಯನ್ನು ಜಡಿದರೆ ಮೂರು ತಲೆಮಾರು ಅಲುಗಾಡುತ್ತಿರಲಿಲ್ಲ. ಬಾಚಿ, ಉಳಿ, ಗರಗಸ, ಕೀಸುಳಿ, ಹಗ್ಗ ಸುತ್ತಿ ತಿರುಗಿಸುವ ಬೈರಿಗೆ ಇಷ್ಟೇ ಅವನ ಐಶ್ವರ್ಯ. ಬೇವಿನ ಮರವನ್ನು ಒಳಗಿನ ಹಲಗೆಗೆ ಬಳಸುತ್ತಿದ್ದುದಕ್ಕೂ ಯುಕ್ತಿಯುಂಟು. ಅದರ ಕಹಿಗೆ ಹುಳು ಮುಟ್ಟದು, ಬಟ್ಟೆಯೂ ಉಳಿಯುವುದು, ಹಲಗೆಯೂ ಉಳಿಯುವುದು.

ಕಪಾಟಿಗೆ ‘ಅಲಮಾರು’ ಎಂಬ ಮತ್ತೊಂದು ಹೆಸರು ಬಂದುದು ಬೇರೊಂದು ದಾರಿಯಿಂದ. ಲ್ಯಾಟಿನ್ನಿನಲ್ಲಿ ಆಯುಧಗಳನ್ನು ಇಡುವ ಎಡೆಗೆ ‘ಅರ್ಮಾರಿಯುಂ’ ಎಂದು ಹೆಸರು. ಅದು ಪೋರ್ಚುಗೀಸರ ಬಾಯಲ್ಲಿ ‘ಅರ್ಮಾರಿಯು’ ಆಗಿ, ಅವರ ಹಡಗಿನೊಡನೆ ಗೋವೆಗೆ ಬಂದಿಳಿದು, ಹಿಂದೂಸ್ತಾನಿ, ಮರಾಠಿಗಳನ್ನು ಹಾದು ನಮ್ಮಲ್ಲಿ ಅಲಮಾರಿಯೂ ಅಲಮಾರೂ ಆಯಿತು. ಈ ಹೆಸರಿನೊಡನೆ ಬೇರೊಂದು ಕಲ್ಪನೆಯೂ ಬಂದಿತು. ಕಪಾಟು ಗೋಡೆಯಲ್ಲಿ ಹುಟ್ಟಿ ಗೋಡೆಯಲ್ಲೇ ಸಾಯತಕ್ಕದ್ದು. ಅಲಮಾರಿಯೋ, ತನ್ನದೇ ಆದ ಮೈಯುಳ್ಳ, ಕಾಲುಗಳ ಮೇಲೆ ನಿಲ್ಲುವ, ಬೇಕಾದಲ್ಲಿಗೆ ಹೊತ್ತೊಯ್ಯಬಹುದಾದ ವಸ್ತು. ನಿಜಾಮನು 1800ರಲ್ಲಿ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, ಕಲೆಕ್ಟರನಾಗಿದ್ದ ಮನ್ರೋ ಸಾಹೇಬನ ಕಾಲದಿಂದ ಬೆಳೆದ ಕಚೇರಿಗಳಲ್ಲಿ ಕಡತಗಳ ರಾಶಿ ಏರಿ, ಅಂಥ ಅಲಮಾರಿಗಳ ಅವಶ್ಯಕತೆಯೂ ಏರಿತು. ಹಳ್ಳಿಯವರ ಮಾತು ಮಾತ್ರ ಇವೆರಡರ ಭೇದವನ್ನು ಲಕ್ಷಿಸದೆ, ಗೋಡೆಯ ಕಪಾಟನ್ನೂ ‘ಗ್ವಾಡಿ ಅಲಮಾರು’ ಎಂದು ಕರೆದು ಹೊಸ ಹೆಸರನ್ನು ಹಳೆಯ ವಸ್ತುವಿಗೆ ತೊಡಿಸಿಬಿಟ್ಟಿತು.

ಇಂಗ್ಲಿಷರ ಆಡಳಿತದ ಹಿಂದೆಯೇ ಬಡಗಿಯ ಕಷ್ಟಗಳೂ ಬಂದವು. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಘೋರಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಹಿಂಡಿಹಾಕಿತು. ಕಣದಲ್ಲಿ ಕಾಳೇ ಇಲ್ಲದಾಗ ಕಣದ ಪಾಲನ್ನು ನಂಬಿದ ಆಯಗಾರನ ಗತಿಯೇನೆಂಬುದನ್ನು ವಿವರಿಸಬೇಕಾದುದಿಲ್ಲ. 1882ರ ಮದರಾಸು ಅರಣ್ಯ ಶಾಸನವು ಕಾಡನ್ನು ಸರ್ಕಾರದ ರಕ್ಷಿತ ಸ್ವತ್ತಾಗಿ ಮಾಡಿ, ಗುಡ್ಡಕ್ಕೆ ಹೋಗಿ ನೇಗಿಲ ಮರವನ್ನು ಆರಿಸಿ ತರುತ್ತಿದ್ದವನನ್ನು ಅಪ್ಪಣೆ ಬೇಡುವವನನ್ನಾಗಿ ಮಾಡಿತು. ಆಗಿನ ರೈಲ್ವೆಯು ಒಂದು ಕೈಯಿಂದ ಕಸಿದು ಮತ್ತೊಂದು ಕೈಯಿಂದ ಕೊಟ್ಟಿತೆನ್ನಬೇಕು: ಹಳಿಯ ಕೆಳಗಿನ ದಿಮ್ಮಿಗಾಗಿ ಕಾಡುಗಳನ್ನು ನುಂಗಿದ ಅದೇ ರೈಲು, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಕವಲು ಹಳಿ ಹಾಕಿದ ಮೇಲೆ, ಮಲೆನಾಡಿನ ಸಾಗುವಾನಿಯನ್ನು ಈ ಬಯಲಿಗೂ ತಂದೊಪ್ಪಿಸಿತು. ಹತ್ತಿ, ಶೇಂಗಾಗಳ ವ್ಯಾಪಾರದಲ್ಲಿ ಹಣ ಕಂಡ ಸಾಹುಕಾರರ ಮನೆಗಳಲ್ಲಿ ನಡುಮನೆಯ ಕಂಬಕ್ಕೆ ಹೊಳಪಿನ ಬೋದಿಗೆ ಬಂತು. ಗೋಡೆಯ ಕಪಾಟು ಆಳೆತ್ತರಕ್ಕೆ ಬೆಳೆದು, ಕದಕ್ಕೆ ಗಾಜು ಕೂತು, ಲೆಕ್ಕದ ಪುಸ್ತಕವೂ ಪಿಂಗಾಣಿಯ ಬಟ್ಟಲೂ ಹೊರಗಿನವರಿಗೆ ಕಾಣುವಂತಾಯಿತು. ಬಚ್ಚಿಡುವುದಕ್ಕೆ ಹುಟ್ಟಿದ ಕದ ತೋರಿಸುವುದಕ್ಕೆ ನಿಂತಿತು.

ಬಣ್ಣದ ಕಥೆಯೂ ಮರದ ಕಥೆಯಷ್ಟೇ ಹಳೆಯದು. ಹೊಸ್ತಿಲಿಗೆ ಅರಿಶಿನ, ಅದರ ಮೇಲೆ ಕುಂಕುಮದ ಕೆಂಪು ಗೆರೆ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಇವು ಮನೆಯ ಹೆಣ್ಣುಮಕ್ಕಳ ಕೈಕೆಲಸ. ಮರದ ಮೇಲಿನ ಚಿತ್ರಕಲೆ ಬೇರೊಂದು ಮನೆತನದ ಸ್ವತ್ತು. ತುಂಗಭದ್ರೆಯ ಆಚೆ, ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರೇ ಎಂದು ಹೇಳಿಕೊಳ್ಳುತ್ತಾರೆ. ಹಗುರವಾದ ಪೊಳಕಿ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟನ್ನು ಕಲಸಿದ ‘ಕಿಟ್ಟ’ದಿಂದ ಸಂದುಗಳನ್ನು ತುಂಬಿ, ಮೇಲೆ ಬಿಳಿಯ ಲೇಪ ಕೊಟ್ಟು, ಅದು ಒಣಗಿದ ಮೇಲೆ ಬಣ್ಣ ಬರೆದು, ಆಭರಣದ ಎಡೆಗಳಿಗೆ ‘ಲಾಜವಾರ’ವೆಂಬ ಲೋಹದ ಲೇಪವನ್ನಿಟ್ಟು ಉಜ್ಜಿ ಹೊಳಪೇರಿಸುವುದು ಅವರ ಕ್ರಮ. ಇದರಲ್ಲಿ ಗಮನಿಸತಕ್ಕ ಮಾತೊಂದುಂಟು. ಬಣ್ಣವನ್ನು ಬರಿಯ ಮರದ ಮೇಲೆ ಎಂದೂ ಬಳಿಯರು. ಮರಕ್ಕೆ ಮೊದಲು ಒಂದು ಚರ್ಮವನ್ನು ಮಾಡಿಕೊಟ್ಟು, ಆ ಚರ್ಮದ ಮೇಲೆ ಚಿತ್ರವನ್ನು ಬರೆಯುವರು. ಹಳ್ಳಿಯ ಬಡಗಿಗೆ ಇಷ್ಟು ವಿಧಾನ ಒದಗದಿದ್ದರೂ ತನ್ನ ಅಳತೆಗೆ ತಕ್ಕಂತೆ ಅದನ್ನೇ ಅನುಸರಿಸಿದನು: ಗಂಟುಬಿರುಕುಗಳಿಗೆ ಹೊಟ್ಟು ಅಂಟು ತುಂಬಿ, ಕೆಮ್ಮಣ್ಣನ್ನೋ ಕಾಡಿಗೆಯನ್ನೋ ಅಗಸೆಯೆಣ್ಣೆಯಲ್ಲಿ ಅರೆದು ಬಳಿದು, ತಾವರೆಗೆ ಕೆಂಪು, ಗಿಳಿಗೆ ಹಸಿರು ಕೊಟ್ಟನು. ಇಪ್ಪತ್ತನೆಯ ಶತಮಾನದಲ್ಲಿ ಡಬ್ಬಿಯ ಎಣ್ಣೆಬಣ್ಣ ಅಂಗಡಿಗೆ ಬಂದ ಮೇಲೆ ಅರೆಯುವ ಶ್ರಮ ತಪ್ಪಿತು. ಆದರೆ ಗಿಳಿ ಹಸಿರಾಗಿಯೇ ಉಳಿಯಿತು.

ಈ ಎಲ್ಲ ವ್ಯವಸ್ಥೆಯ ಬುಡವನ್ನು ಅಲುಗಿಸಿದುದು ಯಂತ್ರವಲ್ಲ, ಗೋಡೆಯೇ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟೆಯು 1953ರಲ್ಲಿ ನೀರು ತುಂಬಿ ನಿಂತಾಗ ನದಿಯ ಎರಡೂ ದಂಡೆಯ ಅನೇಕ ಹಳ್ಳಿಗಳು ಮುಳುಗಿದವು. ಅದೇ ವರ್ಷದ ಅಕ್ಟೋಬರ್ 1ರಂದು ಈ ತಾಲೂಕುಗಳು ಮದರಾಸಿನಿಂದ ಬೇರ್ಪಟ್ಟು ಮೈಸೂರಿಗೆ ಸೇರಿದುದೂ ಆಯಿತು. ನಾಡು ಒಂದಾದ ಸಂತೋಷವೂ ನೆಲೆ ತಪ್ಪಿದ ದುಃಖವೂ ಒಂದೇ ಕಾಲಕ್ಕೆ ಬಂದು ಕೂಡಿದವು. ನಾರಾಯಣದೇವರಕೆರೆಯಂಥ ತುಂಬಿದ ಊರು ನೀರಿನ ಪಾಲಾಗಿ ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ನೆಲಸಬೇಕಾಯಿತು. ಮನೆ ಬಿಡುವವನು ಕದವನ್ನು ಕಳಚಿ ಬಂಡಿಯಲ್ಲಿ ಹೇರಬಲ್ಲ, ತೊಲೆಯನ್ನೂ ಹೇರಬಲ್ಲ, ಗೋಡೆಯನ್ನು ಹೇರಲಾರ. ಕಪಾಟಿನ ಮೊಗ ಬಂಡಿಯೇರಿತು, ಮೈ ನೀರಿನಲ್ಲಿ ಉಳಿಯಿತು. ಮುಳುಗದ ಊರುಗಳಲ್ಲಿಯೂ ಕಾಲಕ್ರಮದಲ್ಲಿ ಇದೇ ವಿಯೋಗ ಬೇರೊಂದು ರೀತಿಯಿಂದ ಸಂಭವಿಸಿತು. ಸಿಮೆಂಟು, ಸುಟ್ಟ ಇಟ್ಟಿಗೆ, ಕಬ್ಬಿಣದ ಸಲಾಕೆಗಳ ಮನೆ ಬಂದ ಮೇಲೆ ಭಾರವನ್ನು ಕಂಬ ತೊಲೆಗಳು ಹೊತ್ತವು. ಗೋಡೆ ಒಂಬತ್ತು ಅಂಗುಲಕ್ಕೆ, ಒಳಗೋಡೆ ನಾಲ್ಕೂವರೆ ಅಂಗುಲಕ್ಕೆ ಇಳಿಯಿತು. ನಾಲ್ಕೂವರೆ ಅಂಗುಲದ ಗೋಡೆಯಲ್ಲಿ ದೀಪದ ಗೂಡಿಗೂ ಎಡೆಯಿಲ್ಲ. ಸಾವಿರ ವರ್ಷ ಪುಕ್ಕಟೆಯಾಗಿ ದೊರೆತಿದ್ದ ಮೈಯನ್ನು ಇನ್ನು ಮೇಲೆ ಮರವೇ ಕೊಡಬೇಕಾಯಿತು. ಅದೂ ಮರ ಎಂದಿಗಿಂತಲೂ ದುರ್ಲಭವಾದ ಕಾಲದಲ್ಲಿ.

ಈ ಇಕ್ಕಟ್ಟಿನಿಂದ ಹುಟ್ಟಿದುದೇ ಇಂದಿನ ಗೋಡೆಗಪಾಟಿನ ವಿದ್ಯೆ. ತೆಳ್ಳನೆಯ ಮರದ ಹಾಳೆಗಳನ್ನು ಒಂದರ ಎಳೆ ಉದ್ದಕ್ಕೆ, ಮತ್ತೊಂದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸಿದ ಪ್ಲೈವುಡ್ಡು ಸಾಗುವಾನಿಯ ಹಲಗೆಯಂತೆ ಬಾಗುವುದಿಲ್ಲ, ಸೀಳುವುದಿಲ್ಲ, ಅದರಷ್ಟು ಬೆಲೆಯನ್ನೂ ಕೇಳುವುದಿಲ್ಲ. ಅದರ ಗುಣಾವಗುಣಗಳ ಪರೀಕ್ಷೆಗಾಗಿ 1962ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಶೋಧನಾಲಯವೂ ಸ್ಥಾಪಿತವಾಯಿತು. ಪ್ರಾಣಿಗಳ ಚರ್ಮ ಮೂಳೆಗಳನ್ನು ಕುದಿಸಿ ಮಾಡಿದ, ಬಳಸುವಾಗಲೆಲ್ಲ ಬಿಸಿಮಾಡಬೇಕಾಗಿದ್ದ, ಮೂಗು ಮುಚ್ಚಿಸುತ್ತಿದ್ದ ಸರೇಸಿನ ಸ್ಥಾನಕ್ಕೆ 1959ರಲ್ಲಿ ಫೆವಿಕಾಲ್ ಎಂಬ ಬಿಳಿಯ ಅಂಟು ಬಂದಿತು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಮೊಕದ್ದಮೆಯಲ್ಲಿ ಅನುಮೋದಿತ ಯೋಜನೆಯಿಲ್ಲದೆ ಕಾಡಿನ ಮರ ಕಡಿಯುವುದನ್ನು ದೇಶಾದ್ಯಂತ ತಡೆದ ಮೇಲೆ, ಇಡಿಯ ಮರದ ಕಪಾಟು ಸಾಹುಕಾರನಿಗೂ ಯೋಚನೆಯ ವಿಷಯವಾಯಿತು. ಇಂದು ಕೊಟ್ಟೂರಿನಲ್ಲಾಗಲಿ ಹರಪನಹಳ್ಳಿಯಲ್ಲಾಗಲಿ ಹೊಸ ಮನೆಯ ಕಪಾಟೆಂದರೆ ಪ್ಲೈವುಡ್ಡಿನ ಪೆಟ್ಟಿಗೆ, ಅದರ ಮೇಲೆ ಸನ್ಮೈಕಾದ ಹೊದಿಕೆ. ಮೈ ಬಂತು, ಮೊಗ ಕಾರ್ಖಾನೆಯಲ್ಲಿ ಅಚ್ಚಾಯಿತು.

ಇಷ್ಟು ಹಲಗೆಯನ್ನು ಕೈಗರಗಸದಿಂದ ಕೊಯ್ಯುವುದು ಅಸಾಧ್ಯವಲ್ಲವಾದರೂ ಲಾಭದಾಯಕವಲ್ಲ. ಆದುದರಿಂದ ವಿದ್ಯುದ್ಯಂತ್ರಗಳು ಬಡಗಿಯ ಚೀಲವನ್ನು ಸೇರಿದವು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಫೈನ್ ಎಂಬವರ ಕಾರ್ಖಾನೆಯು ಕೈಯಲ್ಲಿ ಹಿಡಿಯಬಹುದಾದ ವಿದ್ಯುತ್ ಬೈರಿಗೆಯನ್ನು ನಿರ್ಮಿಸಿದುದು 1895ರಲ್ಲಿ; ಅಮೆರಿಕದಲ್ಲಿ ಪಿಸ್ತೂಲಿನಂತೆ ಹಿಡಿದು ಬೆರಳಿನಿಂದ ಒತ್ತುವ ಡ್ರಿಲ್ಲಿಗೆ ಹಕ್ಕುಪತ್ರ ದೊರೆತುದು 1917ರಲ್ಲಿ. ಅವು ಮೈಲಾರದ ಸೀಮೆಗೆ ಬರುವ ಹೊತ್ತಿಗೆ ಬಹುಕಾಲ ಸಂದಿತ್ತು; ಹಳ್ಳಿಗೆ ವಿದ್ಯುತ್ತಿನ ತಂತಿಯೇ ತಡವಾಗಿ ಬಂದಿತಷ್ಟೆ. ಈಗ ಹೊಸ ಮನೆಯ ಕೆಲಸ ನಡೆಯುವ ಬೀದಿಯಲ್ಲಿ ನಡೆದರೆ ಕಟಿಂಗ್ ಮಷೀನಿನ ಕರ್ಕಶ, ಪ್ಲೇನರಿನ ಮೊರೆತ, ಅಂಚಿಗೆ ಹೂಬಳ್ಳಿಯ ಏರಿಳಿತವನ್ನು ಕ್ಷಣದಲ್ಲಿ ಕೊರೆಯುವ ರೂಟರಿನ ಕೂಗು, ಇವುಗಳ ನಡುವೆ ಹಿಟ್ಟಿನ ಗಿರಣಿಯಿಂದ ಹೊರಬಂದವರಂತೆ ಬಿಳಿಯ ಹೊಟ್ಟಿನಲ್ಲಿ ಮಿಂದ ತರುಣರು ಕಾಣುವರು. ತಂದೆಯು ಉಳಿಯಿಂದ ಮೂರು ದಿನ ತೆಗೆಯುತ್ತಿದ್ದ ತೋಡನ್ನು ಮಗ ಅರ್ಧ ಗಂಟೆಯಲ್ಲಿ ತೆಗೆಯುವನು. ಇದನ್ನು ಕಂಡು ಕಲೆ ಅಳಿಯಿತೆಂದು ಮರುಗುವವರುಂಟು. ಆದರೆ ಭುಜ ಸೋಲುವವರೆಗೆ ದಿಮ್ಮಿಯನ್ನು ಸೀಳಿದವನ ನೋವನ್ನು ಹತ್ತಿರದಿಂದ ಬಲ್ಲವರು ಹಾಗೆ ಮರುಗಲಾರರು. ಮಹಾನವಮಿಯ ಆಯುಧಪೂಜೆಯಲ್ಲಿ ಬಾಚಿ ಉಳಿಗಳ ಪಕ್ಕಕ್ಕೇ ಡ್ರಿಲ್ಲನ್ನೂ ಇರಿಸಿ, ಅದಕ್ಕೂ ವಿಭೂತಿ ಬಳಿದು ಚೆಂಡುಹೂವು ಮುಡಿಸುವ ಬಡಗಿಯು ಈ ವಾದವನ್ನು ಎಂದೋ ಬಗೆಹರಿಸಿಕೊಂಡಿದ್ದಾನೆ.

ಅಚ್ಚಿನ ಮೊಗದಿಂದ ಬೇಸರಗೊಂಡ ಕೆಲವರಾದರೂ ಈಚೆಗೆ ಕೈಯಿಂದ ಬಣ್ಣ ಬಳಿದ ಕಪಾಟನ್ನು ಮತ್ತೆ ಕೇಳತೊಡಗಿರುವುದು ಆಶ್ಚರ್ಯವಲ್ಲ. ಆ ಕೆಲಸದ ಕ್ರಮವನ್ನು ನೋಡಿದರೆ ಕಿನ್ನಾಳದ ವಿಧಾನವೇ ಬೇರೆ ಹೆಸರುಗಳಲ್ಲಿ ಬಂದಂತಿದೆ. ಮರದ ಗಂಟುಗಳು ಅಂಟನ್ನು ಉಗುಳಿ ಬಣ್ಣವನ್ನು ಕೆಡಿಸದಂತೆ ಅವುಗಳಿಗೆ ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಸವರುವುದು, ಬಳಿಕ ಪ್ರೈಮರು, ಅದರ ಮೇಲೆ ತಗ್ಗುದಿಣ್ಣೆಗಳನ್ನು ಮುಚ್ಚುವ ಲಪ್ಪ, ಅದು ಒಣಗಿದ ಮೇಲೆ ಉಪ್ಪುಕಾಗದದಿಂದ, ಅಂಗೈಗೆ ಏನೂ ತಾಗದಷ್ಟು ನುಣುಪಾಗುವವರೆಗೆ ಉಜ್ಜುವುದು, ತೆಳ್ಳಗೆ ಒಂದು ಲೇಪ, ಮತ್ತೆ ಉಜ್ಜುವುದು, ಮತ್ತೊಂದು ಲೇಪ. ಇಲ್ಲಿಯೂ ಮರಕ್ಕೆ ಮೊದಲು ಚರ್ಮ, ಆಮೇಲೆ ಬಣ್ಣ. ಉಜ್ಜುವುದಕ್ಕೆ ಯಂತ್ರವುಂಟು, ಬಣ್ಣವನ್ನು ಚಿಮ್ಮಿಸುವುದಕ್ಕೂ ಯಂತ್ರವುಂಟು. ಒಣಗುವ ಹೊತ್ತನ್ನು ಮಾತ್ರ ಯಾವ ಯಂತ್ರವೂ ಅವಸರಪಡಿಸಲಾರದು. ಬೇಸಗೆಯ ಬಿಸಿಗಾಳಿಯಲ್ಲಿ ಹೊರಮೈ ಬೇಗ ಒಣಗಿ ಒಳಮೈ ಹಸಿಯಾಗಿ ಉಳಿದರೆ ಬಣ್ಣ ಸುಕ್ಕುಗಟ್ಟುತ್ತದೆಂಬುದನ್ನು ಕುಂಚದವನು ಬಲ್ಲ. ಅವನು ಮುಂಜಾನೆಯ ತಂಪಿಗಾಗಿ ಕಾಯುತ್ತಾನೆ.

ಈ ಬರಹವನ್ನು ಮುಗಿಸುವ ಮುನ್ನ, ಕಪಾಟನ್ನು ಗೋಡೆಗೆ ಕೂಡಿಸುವ ಗಳಿಗೆಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಯಂತ್ರದಿಂದ ಕೊಯ್ದ ಹಲಗೆ ಕೂದಲೆಳೆಯಷ್ಟೂ ಸೊಟ್ಟಗಿರುವುದಿಲ್ಲ. ಗೋಡೆ ಎಂದಿಗೂ ನೆಟ್ಟಗಿರುವುದಿಲ್ಲ. ಹೊಸ ಗೋಡೆಗೇ ಈ ಮಾತು ಸಲ್ಲುವುದಾದರೆ, ಹಳೆಯ ಮಾಳಿಗೆಮನೆಯನ್ನು ಕೆಡವಲೊಲ್ಲದೆ ಅದರ ಗೂಡಿಗೆ ಹೊಸ ಕದವನ್ನು ಮಾಡಿಸುವ ಮನೆಯಲ್ಲಿ ಹೇಳತಕ್ಕುದೇನಿದೆ? ಕೆಸರುಗೋಡೆಯ ಉಬ್ಬುತಗ್ಗುಗಳ ಮುಂದೆ ನೆಟ್ಟನೆಯ ಹಲಗೆಯನ್ನು ನಿಲ್ಲಿಸಿದರೆ ಇಲಿ ನುಸುಳುವಷ್ಟು ಸಂದು ಬಿಡುತ್ತದೆ. ಆಗ ಬಡಗಿ ಯಂತ್ರವನ್ನು ಬದಿಗಿಟ್ಟು, ಹಲಗೆಯನ್ನು ಗೋಡೆಗೆ ಒತ್ತಿ ಹಿಡಿದು, ಚಿಕ್ಕದೊಂದು ಕಟ್ಟಿಗೆಯ ಚೂರಿಗೆ ಪೆನ್ಸಿಲನ್ನು ಆನಿಸಿ, ಆ ಚೂರನ್ನು ಗೋಡೆಯ ಮೈಯುದ್ದಕ್ಕೂ ಮೆಲ್ಲನೆ ಸರಿಸುತ್ತಾನೆ. ಗೋಡೆಯ ಒಂದೊಂದು ಉಬ್ಬೂ ಒಂದೊಂದು ತಗ್ಗೂ ಹಾಗೆಯೇ ಗೆರೆಯಾಗಿ ಹಲಗೆಯ ಮೇಲೆ ಇಳಿಯುತ್ತದೆ. ಆ ಸೊಟ್ಟ ಗೆರೆಯ ಗುಂಟವೇ ಅವನು ಮರವನ್ನು ಕೀಸಿ, ಎತ್ತಿ, ಮತ್ತೆ ಗೋಡೆಗೆ ಹಿಡಿಯುತ್ತಾನೆ. ಕೂರದಿದ್ದರೆ ಇಳಿಸಿ ಇನ್ನೊಮ್ಮೆ ಕೀಸುತ್ತಾನೆ. ಮೈ ಯಾರದೇ ಇರಲಿ, ಮೊಗವು ಇಂದಿಗೂ ಗೋಡೆಯ ಅಪ್ಪಣೆಯನ್ನು ಕೇಳಿಯೇ ಕೂರಬೇಕು.